ತೊಂಬತ್ತು ದಿನ, ಎರಡು ಪದ: ಮೆಟ್ರೊ ಕರಾರಿನ ಹೊಣೆ ಯಾರ ಹೆಗಲಿಗೆ?

ದೆಹಲಿಯ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗ 2011ರ ಫೆಬ್ರುವರಿಯಲ್ಲಿ ಶುರುವಾಯಿತು. ಉದ್ದ 22.7 ಕಿ.ಮೀ. ಸೇತುವೆ, ಸುರಂಗ, ನಿಲ್ದಾಣದ ಕಟ್ಟಡದಂಥ ಸಿವಿಲ್ ಕೆಲಸವೆಲ್ಲ ದೆಹಲಿ ಮೆಟ್ರೊ ನಿಗಮದ್ದು. ರೈಲು, ಸಿಗ್ನಲ್ ಮೊದಲಾದ ವ್ಯವಸ್ಥೆ ಅಳವಡಿಸಿ 30 ವರ್ಷ ಓಡಿಸುವ ಹೊಣೆ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ನೇತೃತ್ವದ ಕಂಪನಿಯದು. ಒಂದೂವರೆ ವರ್ಷವೂ ತುಂಬಿರಲಿಲ್ಲ, 2012ರ ಜುಲೈನಲ್ಲಿ ರೈಲು ನಿಂತಿತು. ಸೇತುವೆಯ ಗರ್ಡರ್, ಬೇರಿಂಗ್‌ಗಳಲ್ಲಿ ದೋಷವಿದೆ ಎಂದ ಕಂಪನಿ, ಬೆನ್ನಿಗೇ ನಿಗಮಕ್ಕೆ ನೋಟಿಸ್ ಕೊಟ್ಟಿತು: 90 ದಿನದಲ್ಲಿ ಸರಿಪಡಿಸಿ. ಗಡುವು ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಕರಾರು ರದ್ದತಿಯ ನೋಟಿಸ್ ಬಂತು.

ಕರಾರಿನ ಆ ಕಲಮನ್ನು ಬಿಡಿಸಿ ಹೇಳಿದರೆ ಹೀಗಿತ್ತು: ನೋಟಿಸ್ ತಲುಪಿದ 90 ದಿನದೊಳಗೆ ನಿಗಮ ದೋಷವನ್ನು ಸರಿಪಡಿಸದಿದ್ದರೆ, ಅಥವಾ ಸರಿಪಡಿಸುವ ನಿಟ್ಟಿನಲ್ಲಿ ‘ಪರಿಣಾಮಕಾರಿ ಕ್ರಮ’ ಕೈಗೊಳ್ಳದಿದ್ದರೆ, ಕಂಪನಿ ಕರಾರು ಮುರಿಯಬಹುದು. ನಿಗಮ ರಿಪೇರಿ ಶುರು ಮಾಡಿತ್ತು, ಮುಗಿಸಿರಲಿಲ್ಲ. ಹಾಗಾದರೆ ಅದು ಪರಿಣಾಮಕಾರಿ ಕ್ರಮವೋ, ಅಲ್ಲವೋ? 2013ರ ಜನವರಿಯಲ್ಲಿ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ವೇಗಕ್ಕೆ ಮಿತಿ ಹಾಕಿ ಮಾರ್ಗಕ್ಕೆ ಪ್ರಮಾಣಪತ್ರ ಕೊಟ್ಟರು. ಕರಾರು ಮುರಿದೆನೆಂದು ಹೇಳಿದ ಅದೇ ಕಂಪನಿ ಮತ್ತೆ ರೈಲು ಓಡಿಸಿತು. ಜೂನ್ ಕೊನೆಯವರೆಗೆ ಓಡಿಸಿ, ಬಿಟ್ಟು ಹೋಯಿತು.

2017ರ ಮೇನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ಕಂಪನಿಯ ಪರವಾಗಿ ₹2,782 ಕೋಟಿ ಮತ್ತು ಬಡ್ಡಿಯ ತೀರ್ಪು ಕೊಟ್ಟಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು 2018ರಲ್ಲಿ ಎತ್ತಿಹಿಡಿಯಿತು. ವಿಭಾಗೀಯ ಪೀಠ 2019ರಲ್ಲಿ ತಳ್ಳಿತು. ಸುಪ್ರೀಂ ಕೋರ್ಟು 2021ರಲ್ಲಿ ಮತ್ತೆ ಎತ್ತಿಹಿಡಿಯಿತು; ಮರುಪರಿಶೀಲನಾ ಅರ್ಜಿಯೂ ಬಿತ್ತು. ಇಷ್ಟಾದ ಮೇಲೆ, 2024ರ ಏಪ್ರಿಲ್ 10ರಂದು, ಮರುಪರಿಶೀಲನೆಯೂ ಬಿದ್ದವರಿಗೆ ಉಳಿಯುವ ಕೊನೆಯ ದಾರಿಯಾದ ಕ್ಯುರೇಟಿವ್ ಅರ್ಜಿಯಲ್ಲಿ ಅದೇ ಸುಪ್ರೀಂ ಕೋರ್ಟು ತನ್ನದೇ ತೀರ್ಪನ್ನು ಹಿಂದಕ್ಕೆ ಪಡೆಯಿತು. ನಿಗಮ ಕೈಗೊಂಡ ಕ್ರಮ ಯಾಕೆ ಪರಿಣಾಮಕಾರಿಯಲ್ಲ ಎಂದು ನ್ಯಾಯಮಂಡಳಿ ವಿವರಿಸಿಲ್ಲ, ಸುರಕ್ಷತಾ ಪ್ರಮಾಣಪತ್ರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬುದು ಕಾರಣ. ಬಡ್ಡಿ ಸೇರಿ ಆ ಹೊತ್ತಿಗೆ ಮೊತ್ತ ಸುಮಾರು ₹8,000 ಕೋಟಿಗೆ ಬೆಳೆದಿತ್ತು.

ಕ್ಯುರೇಟಿವ್ ಅರ್ಜಿಯಲ್ಲಿ ಗೆಲ್ಲುವುದು ಎಷ್ಟು ಅಪರೂಪವೆಂದು ಕೋರ್ಟು ಬಲ್ಲವರಿಗೆ ಗೊತ್ತು. ಅದನ್ನು ನಂಬಿಕೊಂಡು ಯಾವ ಸಾರಿಗೆ ಸಂಸ್ಥೆಯೂ ಕರಾರಿಗೆ ಸಹಿ ಹಾಕುವಂತಿಲ್ಲ. ನನಗೆ ಕಾಡುವ ಪ್ರಶ್ನೆ ಬೇರೆ. ಕರಡು ಬರೆಯುವ ಮೇಜಿನ ಮೇಲೆ, 2008ರಲ್ಲಿ, ‘ಪರಿಣಾಮಕಾರಿ ಕ್ರಮ ಎಂದರೆ ಏನು, ಅದನ್ನು ತೀರ್ಮಾನಿಸುವವರು ಯಾರು’ ಎಂದು ಇನ್ನೆರಡು ಸಾಲು ಬರೆದಿದ್ದರೆ? ‘ಸುರಕ್ಷತಾ ಆಯುಕ್ತರ ಪ್ರಮಾಣಪತ್ರವೇ ಅಂತಿಮ’ ಎಂದೋ, ‘ಅಂತಿಮವಲ್ಲ’ ಎಂದೋ, ಯಾವುದಾದರೂ ಒಂದು?

ಸಾರಿಗೆ ಸಂಸ್ಥೆಯ ವಕೀಲರೆಂದರೆ ಅಪಘಾತ ಪರಿಹಾರದ ಕೇಸಿಗೆ ವಕಾಲತ್ತು ಹಾಕುವವರು, ನೌಕರರ ಅಮಾನತಿನ ಕಡತ ನೋಡುವವರು ಎಂಬ ಎಣಿಕೆ ಸಾಮಾನ್ಯ. ಅದೂ ಇದೆ. ಆದರೆ ದುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ. ದೊಡ್ಡ ಕೆಲಸ ನಡೆಯುವುದು ಟೆಂಡರ್ ಕರೆಯುವ ಮುಂಚೆ: ಜಾಗ ಯಾವ ಕಾಯ್ದೆಯಡಿ ಕೈಗೆ ಬರುತ್ತದೆ, ಮಣ್ಣಿನಡಿ ಏನಾದರೂ ಸಿಕ್ಕರೆ ಖರ್ಚು ಯಾರದು, ಪ್ರಯಾಣಿಕರು ಬಾರದಿದ್ದರೆ ನಷ್ಟ ಯಾರಿಗೆ, ನಿಲ್ದಾಣದ ನೆತ್ತಿಯ ಮೇಲೆ ಕಟ್ಟಡ ಎದ್ದರೆ ಬಾಡಿಗೆ ಯಾರ ಪಾಲು. ಒಂದೊಂದು ಉತ್ತರವೂ ಒಂದೊಂದು ಷರತ್ತು. ಇವನ್ನೆಲ್ಲ ಸಾಧ್ಯವಾದಷ್ಟು ಎದುರು ಪಕ್ಷಕ್ಕೆ ದಾಟಿಸಿಬಿಟ್ಟರೆ ಒಳ್ಳೆಯ ಕರಾರು ಎಂಬ ನಂಬಿಕೆ ಮೂವತ್ತು ವರ್ಷ ಜಗತ್ತನ್ನು ಆಳಿತು. ಖಾಸಗಿ ಸಹಭಾಗಿತ್ವ ಎಂಬುದರ ಆಕರ್ಷಣೆಯೇ ಅದು. ನನ್ನ ತಕರಾರು ಇರುವುದು ಅಲ್ಲಿ. ಹೊಣೆಯನ್ನು ಕಾಗದದ ಮೇಲೆ ದಾಟಿಸಬಹುದು, ರೈಲನ್ನು ನಿಲ್ಲಿಸುವಂತಿಲ್ಲ. ಕಂಪನಿ ಕೈಚೆಲ್ಲಿದ ದಿನ ಆ ಹೊಣೆ, ಬಡ್ಡಿ ಸಮೇತ, ಸಂಸ್ಥೆಯ ಬಾಗಿಲಿಗೇ ಮರಳಿ ಬರುತ್ತದೆ.

ನೆಲದ ಕೆಳಗೆ

ನಗರದ ರಸ್ತೆ ಅಗೆದವರಿಗೆಲ್ಲ ಗೊತ್ತಿರುವ ಒಂದು ಸತ್ಯವಿದೆ: ನಕ್ಷೆಯಲ್ಲಿರುವ ಪೈಪು ನೆಲದಲ್ಲಿರುವುದಿಲ್ಲ, ನೆಲದಲ್ಲಿರುವ ಪೈಪು ನಕ್ಷೆಯಲ್ಲಿರುವುದಿಲ್ಲ. ನೀರು, ಚರಂಡಿ, ಗ್ಯಾಸು, ವಿದ್ಯುತ್ತು, ದೂರವಾಣಿ, ಒಂದೊಂದಕ್ಕೂ ಒಬ್ಬೊಬ್ಬ ಒಡೆಯ, ಒಂದೊಂದು ಕಾಲದ ನಕ್ಷೆ. ಸಾರಿಗೆ ಯೋಜನೆಗಳ ಅತಿ ದೊಡ್ಡ ವ್ಯಾಜ್ಯಗಳಲ್ಲಿ ಕೆಲವು ಇಲ್ಲಿಂದಲೇ ಹುಟ್ಟಿವೆ.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರ ಟ್ರಾಮ್ ಮಾರ್ಗಕ್ಕಾಗಿ 2008ರ ಮೇನಲ್ಲಿ ಮುಖ್ಯ ಕರಾರಿಗೆ ಸಹಿ ಹಾಕಿತು. ಬಜೆಟ್ 54.5 ಕೋಟಿ ಪೌಂಡ್. ಯೋಜನೆ ನಡೆಸಲು ನಗರಾಡಳಿತ ತನ್ನದೇ ಮಾಲೀಕತ್ವದ ಒಂದು ಕಂಪನಿಯನ್ನು ಕಟ್ಟಿತ್ತು. ರಸ್ತೆಯಡಿಯ ಪೈಪು, ಕೇಬಲ್‌ಗಳನ್ನು ಪಕ್ಕಕ್ಕೆ ಸರಿಸುವ ಕೆಲಸಕ್ಕೆ ಬೇರೊಂದು ಗುತ್ತಿಗೆ. ಹಳಿ ಹಾಕಲು ಬರುವವರಿಗೆ ಖಾಲಿ ರಸ್ತೆ ಸಿಗಬೇಕೆಂಬುದು ಲೆಕ್ಕಾಚಾರ. ಸಹಿ ಬಿದ್ದ ದಿನ ಆ ಸ್ಥಳಾಂತರ ಮುಗಿದಿರಲಿಲ್ಲ. ವಿನ್ಯಾಸವೂ ಮುಗಿದಿರಲಿಲ್ಲ.

ಎಲ್ಲರೂ ‘ನಿಗದಿತ ಬೆಲೆ’ ಎಂದು ಹೇಳುತ್ತಿದ್ದ ಆ ಕರಾರಿಗೆ ಒಂದು ಅನುಬಂಧವಿತ್ತು. ಈ ಬೆಲೆ ಯಾವ ಯಾವ ಊಹೆಗಳ ಮೇಲೆ ನಿಂತಿದೆ ಎಂಬ ಪಟ್ಟಿ ಅದರಲ್ಲಿ. ಊಹೆಗೂ ವಾಸ್ತವಕ್ಕೂ ಹೊಂದದಿದ್ದರೆ ಗುತ್ತಿಗೆದಾರ ಅದನ್ನು ತಿಳಿಸಬೇಕು, ಬೆಲೆ ಬದಲಾಗಬೇಕು. ಪೈಪು ಅಲ್ಲೇ ಇದ್ದರೆ ಒಂದು ತಿಳಿವಳಿಕೆ ಪತ್ರ. ವಿನ್ಯಾಸ ಬದಲಾದರೆ ಇನ್ನೊಂದು. ಹೀಗೆ ನೂರಾರು ಪತ್ರ. ಸಹಿ ಹಾಕುವಾಗಲೇ ಸುಳ್ಳೆಂದು ಗೊತ್ತಿದ್ದ ಊಹೆಗಳೂ ಆ ಪಟ್ಟಿಯಲ್ಲಿದ್ದವು. ಅಂದರೆ ಬೆಲೆ ಏರುವುದು ಮಸಿ ಆರುವ ಮುಂಚೆಯೇ ಖಚಿತವಾಗಿತ್ತು. 2009ರ ಹೊತ್ತಿಗೆ ಪ್ರಿನ್ಸಸ್ ಸ್ಟ್ರೀಟ್‌ನಂಥ ಮುಖ್ಯ ಬೀದಿಯಲ್ಲೇ ಕೆಲಸ ನಿಂತಿತು. 2011ರಲ್ಲಿ ಸಂಧಾನಕ್ಕೆ ಕೂತರು. ಟ್ರಾಮ್ ಓಡಿದ್ದು 2014ರ ಮೇ 31ರಂದು. ಖರ್ಚು 77.6 ಕೋಟಿ ಪೌಂಡ್. ಅದೂ ಅರ್ಧ ದಾರಿಗೆ: ನ್ಯೂಹೇವನ್ ಬಂದರಿನವರೆಗೆ ಹೋಗಬೇಕಿದ್ದ ಮಾರ್ಗ ನಗರದ ನಡುವೆ ಯಾರ್ಕ್ ಪ್ಲೇಸ್‌ನಲ್ಲೇ ನಿಂತುಬಿಟ್ಟಿತು.

ಲಾರ್ಡ್ ಹಾರ್ಡಿ ಅವರ ವಿಚಾರಣಾ ಆಯೋಗ ಇದನ್ನೆಲ್ಲ ಜಾಲಾಡಿತು. ಅಲ್ಲಿ ಹೊರಬಿದ್ದ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರ ತಾಗುತ್ತದೆ. ಸಹಿಗೆ ಮುನ್ನ ಕರಾರನ್ನು ತನ್ನ ಪರವಾಗಿ ಓದಲು ನಗರಾಡಳಿತ ಸ್ವತಂತ್ರ ವಕೀಲರನ್ನು ನೇಮಿಸಲಿಲ್ಲ. ಯೋಜನಾ ಕಂಪನಿಗೆ ಸಲಹೆ ಕೊಡುತ್ತಿದ್ದ ವಕೀಲರ ಮಾತನ್ನೇ ನೆಚ್ಚಿಕೊಂಡಿತು. ಕಂಪನಿ ನಮ್ಮದೇ ಅಲ್ಲವೆ, ಇಬ್ಬಿಬ್ಬರು ವಕೀಲರಿಗೆ ಫೀಸು ಯಾಕೆ ಎಂಬ ಉಳಿತಾಯದ ಬುದ್ಧಿ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಬೇಗ ಸಹಿಯಾಗಲಿ ಎಂಬುದು ಯೋಜನಾ ಕಂಪನಿಯ ಹಿತ. ಬಿಲ್ಲು ಕಟ್ಟುವವರ ಹಿತ ಬೇರೆ.

ಸಿಡ್ನಿಯಲ್ಲೂ ಇದೇ ಕಥೆ, ಪಾತ್ರ ಬೇರೆ. ಅಲ್ಲಿನ 12 ಕಿ.ಮೀ. ಲಘು ರೈಲು ಮಾರ್ಗದ ಗುತ್ತಿಗೆದಾರರು ಸರ್ಕಾರದ ಮೇಲೆ ನೂರು ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಕೇಳಿ ಕೋರ್ಟಿಗೆ ಹೋದರು. ರಸ್ತೆಯಡಿಯ ವಿದ್ಯುತ್ ಕೇಬಲ್, ಗುಂಡಿಗಳ ಬಗ್ಗೆ ವಿದ್ಯುತ್ ಕಂಪನಿ ಏನು ಕೇಳಲಿದೆ ಎಂಬುದನ್ನು ಸಹಿಗೆ ಮುನ್ನ ನಮಗೆ ಸರಿಯಾಗಿ ಹೇಳಲಿಲ್ಲ, ದಾರಿ ತಪ್ಪಿಸಿದರು ಎಂಬುದು ವಾದ. 2019ರಲ್ಲಿ 57.6 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಗಮನಿಸಿ, ಭೂಗತ ಅಡಚಣೆಯ ಹೊಣೆಯನ್ನು ಕರಾರು ಯಾರಿಗೆ ಕೊಟ್ಟಿತ್ತು ಎಂಬುದರಷ್ಟೇ, ಸಹಿಗೆ ಮುನ್ನ ಯಾರು ಯಾರಿಗೆ ಏನು ಹೇಳಿದ್ದರು ಎಂಬುದೂ ಇಲ್ಲಿ ಮುಖ್ಯವಾಯಿತು. ಹೀಗಾಗಿಯೇ ಪಳಗಿದ ವಕೀಲರು ಟೆಂಡರ್ ಪೂರ್ವ ಸಭೆಯ ನಡಾವಳಿ, ಹಂಚಿದ ಕಡತ, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎಲ್ಲವನ್ನೂ ದಿನಾಂಕ ಹಾಕಿ ಕಾಪಿಡಿ ಎಂದು ಎಂಜಿನಿಯರುಗಳ ತಲೆ ತಿನ್ನುವುದು. ಎಂಜಿನಿಯರುಗಳಿಗೆ ಇದು ಗುಮಾಸ್ತಗಿರಿ ಅನ್ನಿಸುತ್ತದೆ. ಐದು ವರ್ಷದ ನಂತರ ಪಾಟೀಸವಾಲಿಗೆ ನಿಂತಾಗ ಅನ್ನಿಸುವುದಿಲ್ಲ.

ಮರಳಿ ಬಂದ ಹೊಣೆ

ಲಂಡನ್ನಿನ ಸುರಂಗ ರೈಲಿನ ನಿರ್ವಹಣೆಯನ್ನು 2003ರ ಹೊತ್ತಿಗೆ 30 ವರ್ಷದ ಮೂರು ಕರಾರುಗಳಲ್ಲಿ ಖಾಸಗಿಯವರಿಗೆ ವಹಿಸಲಾಯಿತು. ಆ ಕರಾರುಗಳನ್ನು ರೂಪಿಸುವ, ಚೌಕಾಶಿ ಮಾಡುವ ಖರ್ಚೇ ಸುಮಾರು 45.5 ಕೋಟಿ ಪೌಂಡ್ ಎಂದು ಬ್ರಿಟನ್ನಿನ ಲೆಕ್ಕಪರಿಶೋಧನಾ ಕಚೇರಿ ಲೆಕ್ಕ ಹಾಕಿತು. ವಕೀಲರಿಗೆ, ಸಲಹೆಗಾರರಿಗೆ ಅದು ಸುಗ್ಗಿಯ ಕಾಲ. ಮೂರರಲ್ಲಿ ಎರಡು ಕರಾರು ಪಡೆದ ಮೆಟ್ರೊನೆಟ್ ಕಂಪನಿ 2007ರ ಜುಲೈನಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು. ನಷ್ಟದ ಹೊಣೆ ಖಾಸಗಿಯವರದೆಂದು ಹೇಳಿದ್ದರು, ನಿಜ. ಆದರೆ ಕಂಪನಿಯ ಸಾಲದ ಶೇ 95ರಷ್ಟಕ್ಕೆ ಲಂಡನ್ ಅಂಡರ್‌ಗ್ರೌಂಡ್ ಸಂಸ್ಥೆಯೇ ಹಿಂದೆ ನಿಂತಿತ್ತು. ಹಾಗೆ ನಿಲ್ಲದಿದ್ದರೆ ಬ್ಯಾಂಕುಗಳು ಅಷ್ಟು ಅಗ್ಗದ ಬಡ್ಡಿಗೆ ಸಾಲ ಕೊಡುತ್ತಿರಲಿಲ್ಲ. ಸಾಲ ತೀರಿಸಲು ಸರ್ಕಾರ 170 ಕೋಟಿ ಪೌಂಡ್ ಅನುದಾನ ಕೊಟ್ಟಿತು. ಉಳಿದ ಮೂರನೆಯ ಕರಾರನ್ನೂ 2010ರಲ್ಲಿ ಸಂಸ್ಥೆಯೇ ಕೊಂಡುಕೊಂಡಿತು. ಮೂವತ್ತು ವರ್ಷದ ಮದುವೆ ಏಳು ವರ್ಷಕ್ಕೆ ಮುಗಿಯಿತು.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪರ್ಪಲ್ ಲೈನ್ ಇನ್ನೂ ಹತ್ತಿರದ ಉದಾಹರಣೆ. 26 ಕಿ.ಮೀ., 21 ನಿಲ್ದಾಣ, 2016ರ ಕರಾರು. ಹೆಚ್ಚುವರಿ ಖರ್ಚು ಯಾರು ಕೊಡಬೇಕೆಂಬ ಜಗಳದಲ್ಲಿ 2020ರಲ್ಲಿ ನಿರ್ಮಾಣ ಗುತ್ತಿಗೆದಾರರು ಕೆಲಸ ಬಿಟ್ಟು ಹೊರಟರು. ರಸ್ತೆ ಅಗೆದಿದ್ದದ್ದು ಅಗೆದ ಹಾಗೇ ಉಳಿಯಿತು. ಉಪಗುತ್ತಿಗೆಗಳನ್ನೆಲ್ಲ ರಾಜ್ಯವೇ ಕೈಗೆತ್ತಿಕೊಳ್ಳಬೇಕಾಯಿತು. 25 ಕೋಟಿ ಡಾಲರಿಗೆ ರಾಜಿ. 2022ರಲ್ಲಿ ಹೊಸ ಗುತ್ತಿಗೆದಾರರು ಬಂದಾಗ ನಿರ್ಮಾಣ, ನಿರ್ವಹಣೆ ಸೇರಿದ ಒಟ್ಟು ಮೊತ್ತ 560 ಕೋಟಿಯಿಂದ 930 ಕೋಟಿ ಡಾಲರಿಗೆ ಜಿಗಿದಿತ್ತು.

ಇನ್ನೊಂದು ಬಗೆಯ ಗೋಜಲೂ ಉಂಟು: ಕರಾರು ಒಂದು ಹೇಳುತ್ತದೆ, ಕಾಯ್ದೆ ಇನ್ನೊಂದು. ಮುಂಬೈಯ ವರ್ಸೋವಾ–ಘಾಟ್ಕೋಪರ್ ಮೆಟ್ರೊ 2014ರಲ್ಲಿ ಶುರುವಾಗುವಾಗ ಕರಾರಿನ ಪ್ರಕಾರ ಟಿಕೆಟ್ ₹9ರಿಂದ ₹13 ಎಂದು ಸರ್ಕಾರದ ಪಟ್ಟು. ಮೆಟ್ರೊ ಕಾಯ್ದೆಯಂತೆ ಮೊದಲ ದರ ನಿಗದಿ ಮಾಡುವ ಅಧಿಕಾರ ನನ್ನದು, ₹10ರಿಂದ ₹40 ಎಂದು ಕಂಪನಿಯ ಪಟ್ಟು. ರೈಲು ಓಡುವ ಮುಂಚೆಯೇ ಜಗಳ ಹೈಕೋರ್ಟ್ ಮೆಟ್ಟಿಲೇರಿತು. ಕರಾರಿನ ಯಾವ ಮಾತು ಕಾಯ್ದೆಯ ಎದುರು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಮೊದಲೇ ನೋಡಬೇಕಾದದ್ದು ವಕೀಲರ ಪಾಠದ ಮೊದಲ ಅಧ್ಯಾಯ.

ಆಕಾಶ ಯಾರದು?

ಇಲ್ಲಿಯವರೆಗೆ ಖರ್ಚಿನ ಮಾತಾಯಿತು. ಆದಾಯದ ಮಾತಿಗೆ ಬಂದರೆ ಕಾನೂನು ಇನ್ನೂ ಸ್ವಾರಸ್ಯದ್ದು.

ನಿಲ್ದಾಣ ಬಂದರೆ ಸುತ್ತಲಿನ ಜಾಗದ ಬೆಲೆ ಏರುತ್ತದೆ. ರೈಲು ಹಾಕಿದವರು ಒಬ್ಬರು, ಬೆಲೆ ಏರಿದ ಲಾಭ ಉಂಡವರು ಇನ್ನೊಬ್ಬರು. ಆ ಏರಿಕೆಯ ಒಂದು ಪಾಲನ್ನು ರೈಲಿಗೇ ತಿರುಗಿಸುವುದು, ನಿಲ್ದಾಣದ ಸುತ್ತ ಒತ್ತಾಗಿ ಮನೆ, ಕಚೇರಿ ಕಟ್ಟಲು ಬಿಟ್ಟು ಜನ ಕಾರಿಲ್ಲದೆ ಓಡಾಡುವಂತೆ ಮಾಡುವುದು, ಇದಕ್ಕೆ ಸಾರಿಗೆ ಆಧಾರಿತ ಅಭಿವೃದ್ಧಿ ಎಂಬ ಹೆಸರು. ಟಿಒಡಿ ಎಂದೇ ರೂಢಿ. ನಗರ ಯೋಜಕರು ಇದರ ಬಣ್ಣದ ಚಿತ್ರ ಬರೆಯುತ್ತಾರೆ. ಚಿತ್ರದ ಹಿಂದಿರುವ ಪ್ರಶ್ನೆ ಒಂದೇ: ಹಳಿಯ ಮೇಲಿನ ಗಾಳಿ ಯಾರ ಸ್ವತ್ತು?

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಕಥೆ ಈ ಪ್ರಶ್ನೆಯ ಪಠ್ಯಪುಸ್ತಕ. 1913ರಲ್ಲಿ ತೆರೆದ ಈ ನಿಲ್ದಾಣವನ್ನು ನಗರ 1967ರಲ್ಲಿ ಪಾರಂಪರಿಕ ಕಟ್ಟಡವೆಂದು ಘೋಷಿಸಿತು. ಮಾಲೀಕ ಪೆನ್ ಸೆಂಟ್ರಲ್ ರೈಲು ಕಂಪನಿ ಸಾಲದ ಮಡುವಿನಲ್ಲಿತ್ತು. ನಿಲ್ದಾಣದ ನೆತ್ತಿಯ ಮೇಲೆ 55 ಅಂತಸ್ತಿನ ಕಚೇರಿ ಗೋಪುರ ಕಟ್ಟಲು ಒಬ್ಬ ಡೆವಲಪರಿಗೆ ಲೀಸ್ ಕೊಟ್ಟಿತು. ಕಟ್ಟಿ ಮುಗಿದ ಮೇಲೆ ವರ್ಷಕ್ಕೆ ಕನಿಷ್ಠ 30 ಲಕ್ಷ ಡಾಲರ್ ಬಾಡಿಗೆ ಬರಬೇಕಿತ್ತು. ನಗರದ ಪರಂಪರೆ ಆಯೋಗ ಅನುಮತಿ ನಿರಾಕರಿಸಿತು. ಪರಿಹಾರ ಕೊಡದೆ ನಮ್ಮ ಆಸ್ತಿ ಕಿತ್ತುಕೊಂಡಿದ್ದೀರಿ ಎಂದು ಕಂಪನಿ ಕೋರ್ಟಿಗೆ ಹೋಯಿತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6–3 ಬಹುಮತದಿಂದ ನಗರದ ಪರ ನಿಂತಿತು. ನಿಲ್ದಾಣವನ್ನು ನಿಲ್ದಾಣವಾಗಿ ಬಳಸಲು ಅಡ್ಡಿಯಿಲ್ಲ; ಜೊತೆಗೆ ಮೇಲೆ ಕಟ್ಟಲಾಗದ ಹಕ್ಕನ್ನು ಅಕ್ಕಪಕ್ಕದ ನಿವೇಶನಗಳಿಗೆ ವರ್ಗಾಯಿಸಬಹುದು, ಹಾಗಾಗಿ ಎಲ್ಲವನ್ನೂ ಕಿತ್ತುಕೊಂಡಂತಾಗಲಿಲ್ಲ ಎಂದಿತು. ನಮ್ಮಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗಲೆಲ್ಲ ಕೇಳುವ, ಹೀಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು ಎಂಬರ್ಥದ ಟಿಡಿಆರ್‌ಗೆ ಸುಪ್ರೀಂ ಕೋರ್ಟಿನಂಥ ಎತ್ತರದಲ್ಲಿ ಸಿಕ್ಕ ಮನ್ನಣೆಗಳಲ್ಲಿ ಇದೊಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿಲ್ದಾಣದ ಒಡೆತನ ಕೈಬದಲಾಗುತ್ತ, ಆ ಬಳಸದ ಗಾಳಿಯನ್ನು, ಎಂದರೆ ಮೇಲೆ ಕಟ್ಟುವ ಹಕ್ಕನ್ನು, ಮಾರುವ ಆಸೆಯಲ್ಲಿದ್ದ ಹೂಡಿಕೆದಾರರ ಕೈ ಸೇರಿತು. ಅಷ್ಟರಲ್ಲಿ, 2015ರಲ್ಲಿ, ನಗರ ಪಕ್ಕದ ಜಾಗದ ವಲಯ ನಿಯಮ ಬದಲಿಸಿತು. ಅಲ್ಲಿ ವನ್ ವಾಂಡರ್‌ಬಿಲ್ಟ್ ಎಂಬ ಗೋಪುರ ಕಟ್ಟುವವರು 22 ಕೋಟಿ ಡಾಲರಿನ ಮೆಟ್ಟಿಲು, ಕಾರಿಡಾರು, ನಿಲ್ದಾಣ ಸುಧಾರಣೆ ಮಾಡಿಕೊಟ್ಟರೆ ಹೆಚ್ಚುವರಿ ಅಂತಸ್ತು ಕಟ್ಟಬಹುದು ಎಂದಿತು. ಪ್ರಯಾಣಿಕರಿಗೆ ಲಾಭ, ಸಂಶಯವಿಲ್ಲ. ಆದರೆ ನಿಲ್ದಾಣದ ಗಾಳಿ ಕೊಂಡವರ ಗತಿ? ನಗರವೇ ಬಿಟ್ಟಿಯಾಗಿ ಅಂತಸ್ತು ಹಂಚಿದರೆ ನಮ್ಮ ಹಕ್ಕನ್ನು ಯಾರು ಕೊಳ್ಳುತ್ತಾರೆ ಎಂದು ಅವರು 110 ಕೋಟಿ ಡಾಲರಿಗೆ ದಾವೆ ಹೂಡಿದರು. ಮರುವರ್ಷ ರಾಜಿಯಾಯಿತು, ಗೋಪುರ 2020ರಲ್ಲಿ ತೆರೆಯಿತು. ಅದೇ ವರ್ಷ ಅಲ್ಲಿನ ಸಾರಿಗೆ ಸಂಸ್ಥೆ ಎಂಟಿಎ, ಅಲ್ಲಿಯವರೆಗೆ ಲೀಸಿನಲ್ಲಿದ್ದ ನಿಲ್ದಾಣವನ್ನೂ ಎರಡು ರೈಲು ಮಾರ್ಗಗಳನ್ನೂ 3.5 ಕೋಟಿ ಡಾಲರಿಗೆ ಕೊಂಡಿತು. ಮಾರಿದವರು ಗಾಳಿಯನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು! ಕಲ್ಲು, ಕಬ್ಬಿಣ, ನೆಲಕ್ಕಿಂತ ಖಾಲಿ ಜಾಗಕ್ಕೆ ಬೆಲೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈ ಬೆಲೆಯನ್ನು ಮೊದಲೇ ಅರಿತು ಕಾನೂನಿನಲ್ಲೇ ಕಟ್ಟಿಹಾಕಿದ್ದು ಹಾಂಗ್‌ಕಾಂಗ್. ಅಲ್ಲಿನ ಎಂಟಿಆರ್ ಸಂಸ್ಥೆಯಲ್ಲಿ ಸರ್ಕಾರದ ಪಾಲು ಸುಮಾರು ಮುಕ್ಕಾಲು. ನಿಲ್ದಾಣದ ಮೇಲಿನ, ಡಿಪೋ ಮೇಲಿನ ಅಭಿವೃದ್ಧಿ ಹಕ್ಕನ್ನು ಸರ್ಕಾರ ಸಂಸ್ಥೆಗೆ ಕೊಡುತ್ತದೆ. ಅದಕ್ಕೆ ಕಟ್ಟಿಸಿಕೊಳ್ಳುವ ಮೊತ್ತವನ್ನು, ಅಲ್ಲಿ ರೈಲೇ ಇಲ್ಲ ಎಂದುಕೊಂಡು ಲೆಕ್ಕ ಹಾಕುತ್ತದೆ. ಸಂಸ್ಥೆ ಟೆಂಡರ್ ಕರೆದು ಡೆವಲಪರನ್ನು ಆರಿಸುತ್ತದೆ, ಕಟ್ಟುವ ಖರ್ಚು ಅವನದು, ಲಾಭದಲ್ಲಿ ಪಾಲು ಸಂಸ್ಥೆಗೆ. ರೈಲಿಲ್ಲದ ಬೆಲೆಗೂ ರೈಲಿರುವ ಬೆಲೆಗೂ ನಡುವಿನ ಅಂತರವೇ ಹಳಿ ಹಾಕುವ ದುಡ್ಡು. ಕೌಲೂನ್ ಬೇ ಡಿಪೋದ ಮೇಲೆ ಎದ್ದ ಟೆಲ್‌ಫರ್ಡ್ ಗಾರ್ಡನ್ಸ್ ವಸತಿ ಸಮುಚ್ಚಯದಿಂದ ಶುರುವಾದ ಪದ್ಧತಿಯಿದು. ಇದನ್ನು ನಕಲು ಮಾಡಲು ಹೊರಟವರು ಒಂದು ಮಾತು ಮರೆಯುತ್ತಾರೆ: ಹಾಂಗ್‌ಕಾಂಗ್‌ನಲ್ಲಿ ಭೂಮಿಯ ಒಡೆತನ ಸರ್ಕಾರದ್ದು, ಉಳಿದವರದು ಲೀಸು. ಜಾಗ ಸಾವಿರ ಖಾತೆಗಳಲ್ಲಿ ಹಂಚಿಹೋಗಿರುವ ಕಡೆ ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಬಲವಂತದ ಸ್ವಾಧೀನಕ್ಕೆ ಇಳಿಯಬೇಕು. ರೈಲಿಗೆಂದು ಕಿತ್ತುಕೊಂಡ ಜಾಗದಲ್ಲಿ ಮಾಲ್ ಎದ್ದರೆ ಅದು ಸಾರ್ವಜನಿಕ ಉದ್ದೇಶವೇ ಎಂಬ ಪ್ರಶ್ನೆ, ನ್ಯಾಯವಾಗಿಯೇ, ಬಾಗಿಲು ತಟ್ಟುತ್ತದೆ.

ಸ್ವಂತ ಜಾಗವಿದ್ದೂ ಕೈಕಟ್ಟಿ ಕೂತ ಸಂಸ್ಥೆಗಳೂ ಇವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಾರ್ಟ್ ರೈಲು ಸಂಸ್ಥೆಗೆ ನಿಲ್ದಾಣಗಳ ಪಕ್ಕ ವಿಶಾಲ ಪಾರ್ಕಿಂಗ್ ಮೈದಾನಗಳಿದ್ದವು. ಮನೆ ಕಟ್ಟೋಣವೆಂದರೆ ಎಷ್ಟು ಅಂತಸ್ತು ಎಂಬ ಅಧಿಕಾರ ಊರೂರಿನ ನಗರಸಭೆಗಳದು. ಅಕ್ಕಪಕ್ಕದವರಿಗೆ ಎತ್ತರದ ಕಟ್ಟಡ ಬೇಡ. ಕ್ಯಾಲಿಫೋರ್ನಿಯಾ 2018ರಲ್ಲಿ ಇದಕ್ಕೆಂದೇ ಕಾಯ್ದೆ ತಂದಿತು: ನಿಲ್ದಾಣದಿಂದ ಅರ್ಧ ಮೈಲಿಯೊಳಗಿನ ಬಾರ್ಟ್ ಜಾಗದಲ್ಲಿ ಎಕರೆಗೆ ಕನಿಷ್ಠ 75 ಮನೆಗಳಿಗೆ ಅವಕಾಶವಿರಬೇಕು, ನಗರಸಭೆಗಳ ವಲಯ ನಿಯಮ ಅದಕ್ಕೆ ಹೊಂದಿಕೊಳ್ಳಬೇಕು. 2025ರ ಅಕ್ಟೋಬರ್‌ನಲ್ಲಿ ಸಹಿಯಾದ ಇನ್ನೊಂದು ಕಾಯ್ದೆ ಇನ್ನೂ ಮುಂದೆ ಹೋಗಿ, ದೊಡ್ಡ ನಗರ ಪ್ರದೇಶಗಳ ಪ್ರಮುಖ ನಿಲ್ದಾಣಗಳ ಹತ್ತಿರ, ಖಾಸಗಿ ನಿವೇಶನಗಳಲ್ಲೂ, ಒಂಬತ್ತು ಅಂತಸ್ತಿನವರೆಗೆ ದಾರಿ ಬಿಟ್ಟಿತು. ಸ್ಥಳೀಯ ಸರ್ಕಾರದ ಅಧಿಕಾರಕ್ಕೆ ಇದು ಕೊಡಲಿ ಪೆಟ್ಟೋ, ಬೇಲಿ ಹಾಕಿಕೊಂಡವರಿಗೆ ತಕ್ಕ ಉತ್ತರವೋ? ನನ್ನ ಒಲವು ಎರಡನೆಯದರ ಕಡೆ. ಸಾರ್ವಜನಿಕರ ದುಡ್ಡಿನ ರೈಲು ಬೇಕು, ಸಾರ್ವಜನಿಕರು ಪಕ್ಕದಲ್ಲಿ ವಾಸಕ್ಕೆ ಬರುವುದು ಬೇಡ ಎಂಬ ವಾದಕ್ಕೆ ಎಷ್ಟು ಕಾಲ ಮಣೆ ಹಾಕುವುದು?

ಒಂದು ಕಂಬ

ಅಂತಸ್ತಿನ ಅನುಮತಿ ಸಿಕ್ಕಿತೆನ್ನಿ. ಈಗ ಒಂದು ಕಂಬವನ್ನು ಹತ್ತಿರದಿಂದ ನೋಡೋಣ. ನಿಲ್ದಾಣದ ಮೇಲೆ ಮೂವತ್ತು ಅಂತಸ್ತಿನ ಕಟ್ಟಡ. ಅದರ ಒಂದು ಕಂಬ ಮಾಲ್‌ನ ನೆಲ ತೂರಿ, ಟಿಕೆಟ್ ಕೌಂಟರ್ ಇರುವ ಅಂತಸ್ತು ದಾಟಿ, ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ತಳಪಾಯಕ್ಕೆ ಇಳಿಯುತ್ತದೆ. ಈ ಕಂಬ ಯಾರದು? ಮೇಲಿನವರದೆಂದರೆ, ಅದನ್ನು ಪರೀಕ್ಷಿಸಲು ಅವರ ಎಂಜಿನಿಯರ್ ನಿಲ್ದಾಣದೊಳಗೆ ಬರಬೇಕು. ರೈಲು ನಿಂತ ಮಧ್ಯರಾತ್ರಿಯ ಮೂರು ಗಂಟೆ ಬಿಟ್ಟರೆ ಬೇರೆ ಹೊತ್ತಿಲ್ಲ. ಸಂಸ್ಥೆಯದೆಂದರೆ, ಮೇಲಿನ ಕಟ್ಟಡದ ಭಾರಕ್ಕೆ ಬಿರುಕು ಬಿಟ್ಟಾಗ ರಿಪೇರಿ ಖರ್ಚು ಸಾರ್ವಜನಿಕರ ತಲೆಗೆ.

ಮೇಲಿನ ಕಟ್ಟಡಕ್ಕೆ ಸಾಲ ಕೊಟ್ಟ ಬ್ಯಾಂಕು ಅಡಮಾನ ಕೇಳುತ್ತದೆ. ಅಡಮಾನದಲ್ಲಿ ಈ ಕಂಬ ಸೇರಿದೆಯೆ? ಡೆವಲಪರ್ ಕೈಎತ್ತಿದರೆ ಬ್ಯಾಂಕಿನವರು ನಿಲ್ದಾಣದ ಒಂದು ತುಂಡಿಗೆ ಬೀಗ ಹಾಕಬಹುದೆ? ಲೀಸು 99 ವರ್ಷದ್ದು, ಕಟ್ಟಡದ ಆಯಸ್ಸು ಅದರ ಅರ್ಧಕ್ಕೆ ಮುಗಿಯಬಹುದು. ಕೆಡವಿ ಕಟ್ಟುವಾಗ ಕೆಳಗೆ ರೈಲು ಓಡುತ್ತಲೇ ಇರಬೇಕು. ಮಾಲ್‌ನಲ್ಲಿ ಹೊಗೆಯೆದ್ದರೆ ನಿಲ್ದಾಣದ ಅಲಾರಂ ಹೊಡೆಯಬೇಕೋ ಬೇಡವೋ? ಮಾಲ್‌ನಿಂದ ನಿಲ್ದಾಣಕ್ಕಿರುವ ಬಾಗಿಲನ್ನು ರಾತ್ರಿ ಹತ್ತಕ್ಕೆ ಮುಚ್ಚಿದರೆ ಕೊನೆಯ ರೈಲಿಗೆ ಬರುವ ಮುದುಕಿ ಎಲ್ಲಿಂದ ಇಳಿಯಬೇಕು? ಕ್ರೇನಿನ ತೋಳು ಹಳಿಯ ಮೇಲೆ ಹಾಯುವಂತಿಲ್ಲ ಎಂಬ ಒಂದು ಸಾಲು ಬಿಟ್ಟುಹೋದರೆ, ಅದು ಹಾಯ್ದ ಪ್ರತಿ ಸಲವೂ ರೈಲು ನಿಲ್ಲಿಸಬೇಕು. ಜಂಟಿ ಅಭಿವೃದ್ಧಿ ಕರಾರು ಎಂಬ ದಪ್ಪ ಕಡತದಲ್ಲಿ ಇರುವುದೆಲ್ಲ ಇಂಥವೇ. ಲಾಭದ ಪಾಲಿನ ಲೆಕ್ಕ ನಾಲ್ಕು ಪುಟದಲ್ಲಿ ಮುಗಿದೀತು. ಕಂಬ, ಬಾಗಿಲು, ಕೊಳವೆಗಳು ನೂರಾರು ಪುಟ ತಿನ್ನುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರ ಬಾತ್‌ರೂಮ್ ಸೋರಿದಾಗ ಆಗುವ ರಾದ್ಧಾಂತ ನೆನೆಸಿಕೊಳ್ಳಿ. ಕೆಳಗಿನ ಮನೆಯಲ್ಲಿ ದಿನಕ್ಕೆ ಲಕ್ಷ ಜನ ಓಡಾಡುತ್ತಾರೆ ಅಷ್ಟೇ ವ್ಯತ್ಯಾಸ.

ಕೋರ್ಟಿನ ರಾಜಿಗಳೂ ಕೆಲವೊಮ್ಮೆ ಮುಂದಿನ ತಲೆಮಾರಿನ ಬಜೆಟ್ ಬರೆಯುತ್ತವೆ. ನ್ಯೂಯಾರ್ಕ್ ಸುರಂಗ ರೈಲಿನ ಬಹುಪಾಲು ನಿಲ್ದಾಣಗಳಲ್ಲಿ ಲಿಫ್ಟ್ ಇರಲಿಲ್ಲ. ಅಂಗವಿಕಲರ ಹಕ್ಕಿನ ಕಾಯ್ದೆ ಬಂದದ್ದು 1990ರಲ್ಲಿ. ಸಂಘಟನೆಗಳು ದಾವೆ ಹೂಡಿದ ಮೇಲೆ 2022ರಲ್ಲಿ ಆದ ರಾಜಿಯಂತೆ, ಸೌಲಭ್ಯವಿಲ್ಲದ ನಿಲ್ದಾಣಗಳಲ್ಲಿ ಶೇ 95ರಷ್ಟು 2055ರೊಳಗೆ ಗಾಲಿಕುರ್ಚಿಗೆ ತೆರೆದುಕೊಳ್ಳಬೇಕು. ಕಾಯ್ದೆಯಿಂದ ಗಡುವಿನವರೆಗೆ 65 ವರ್ಷ.

ಇಷ್ಟೆಲ್ಲ ಓದಿ, ಪರಿಹಾರ ದುಬಾರಿ ವಕೀಲರ ಸಂಸ್ಥೆಯನ್ನು ನೇಮಿಸುವುದು ಎಂದುಕೊಂಡರೆ ತಪ್ಪು. ಲಂಡನ್ನಿನಲ್ಲಿ ಅಂಥವರಿಗೇನೂ ಬರವಿರಲಿಲ್ಲ. ಹೊರಗಿನ ವಕೀಲರು ಕರಾರು ಬರೆದುಕೊಟ್ಟು ಹೋಗುತ್ತಾರೆ. ಮೂವತ್ತು ವರ್ಷ ಅದರೊಡನೆ ಸಂಸಾರ ಮಾಡುವವರು ಸಂಸ್ಥೆಯೊಳಗಿನವರು. ಕಂಪನಿಯ ನೋಟಿಸ್ ಬಂದ ದಿನವೇ ಅದರ ಗಡುವು ಎಣಿಸಿ, ರಿಪೇರಿಯ ಪ್ರತಿ ಹೆಜ್ಜೆಯ ದಾಖಲೆ ಇಡಿ ಎಂದು ಎಂಜಿನಿಯರಿಗೆ ಹೇಳುವ ಒಬ್ಬ ಕಾಯಂ ಕಾನೂನು ಅಧಿಕಾರಿ ಒಳಗೆ ಇರಬೇಕು. ಅವರು ಕಡತದ ಕೊನೆಯಲ್ಲಿ ಸಹಿ ಹಾಕುವವರಾಗಿ ಉಳಿಯದೆ, ಮೊದಲ ಸಭೆಯಿಂದಲೇ ಕುರ್ಚಿ ಎಳೆದು ಕೂರುವಂತಿರಬೇಕು.

ಎಡಿನ್‌ಬರೋ ಕಥೆಗೆ ಒಂದು ಬಾಲವಿದೆ. ಅರ್ಧಕ್ಕೆ ನಿಂತಿದ್ದ ಮಾರ್ಗವನ್ನು ನ್ಯೂಹೇವನ್‌ವರೆಗೆ ಒಯ್ಯಲು ನಗರಾಡಳಿತ ಮತ್ತೆ ಕರಾರು ಬರೆಯಿತು. ಈ ಸಲ ಪೈಪು ಸರಿಸುವುದೂ ಹಳಿ ಹಾಕುವುದೂ ಒಟ್ಟೊಟ್ಟಿಗೆ. ರಸ್ತೆಯನ್ನು ಒಂದೇ ಸಲ ಅಗೆಯಬೇಕು. ವಿನ್ಯಾಸ ಪಕ್ಕಾ ಆಗುವ ಮುಂಚೆ ಅಗೆತ ಶುರುವಾಗಲಿಲ್ಲ. ಬಜೆಟ್ 20.7 ಕೋಟಿ ಪೌಂಡ್. ಕಾನ್‌ಸ್ಟಿಟ್ಯೂಷನ್ ಸ್ಟ್ರೀಟ್ ಎಂಬ ಬೀದಿ ಅಗೆದಾಗ ಪೈಪುಗಳ ಜೊತೆ ಹಳೆಯ ಚರ್ಚಿನ ಸ್ಮಶಾನದ ಮುನ್ನೂರಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕವು. ನಡುವೆ ಕೋವಿಡ್ ಬಂದು ಕೆಲಸ ನಿಂತಿತು. ಆದರೂ 2023ರ ಜೂನ್ 7ರಂದು, ಬಜೆಟ್ಟಿನ ಆಚೀಚೆಯಲ್ಲೇ, ಟ್ರಾಮ್ ಬಂದರಿಗೆ ಹೊರಟಿತು. ಮೊದಲ ಮಾರ್ಗ ಯಾಕೆ ಹಾಳಾಯಿತು ಎಂದು ವಿವರಿಸುವ ಲಾರ್ಡ್ ಹಾರ್ಡಿ ಆಯೋಗದ ವರದಿ, ನೇಮಕವಾದ ಒಂಬತ್ತು ವರ್ಷಗಳ ನಂತರ, ಅದೇ ಸೆಪ್ಟೆಂಬರಿನಲ್ಲಿ ಹೊರಬಂತು. ಆ ಹೊತ್ತಿಗೆ ಎರಡನೆಯ ಟ್ರಾಮ್ ಮೂರು ತಿಂಗಳಿಂದ ಓಡುತ್ತಿತ್ತು.